ಬಡಿತ ಸರಿಹೋದ ರಾತ್ರಿ

ಮಾಲೂರು, ಜುಲೈ ೧೪, ಸೋಮವಾರ

ನನ್ನ ಹೃದಯದ ಬಡಿತ ಹತೋಟಿಗೆ ಬಂದಿದೆ ಎಂದು ಕೋಲಾರದ ಡಾಕ್ಟರು ಇವತ್ತು ಹೇಳಿದರು. ಆದರೂ ಸಮಾಧಾನವಿಲ್ಲ.

ಬಡಿತ ಏರುಪೇರಾಗುತ್ತಿದೆ ಎಂದು ಗೊತ್ತಾದಾಗಿನಿಂದ ಆದಿಲಕ್ಷ್ಮಿ ನನ್ನ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದಳು. ನನ್ನ ಗೊರಕೆಗೆ ಬೇಸತ್ತು ಎಷ್ಟೋ ವರ್ಷ ನಡುಮನೆಯಲ್ಲಿ ಮಲಗಿದ ಹೆಂಡತಿ, ನನ್ನ ಈ ಅರವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಪಕ್ಕಕ್ಕೆ ಬಂದಿದ್ದಳು.

ಇವತ್ತು ಊಟವಾದ ಮೇಲೆ ದಿಂಬು ಎತ್ತಿಕೊಂಡಳು.

"ಇನ್ನೇನು ಭಯ ಇಲ್ವಲ್ಲ, ನಡುಮನೇಲೇ ಮಲಗ್ತೀನಿ."

"ಹೂಂ, ಮಲಕ್ಕೋ" ಎಂದೆ.

ಎದೆ ನೆಟ್ಟಗೆ ಬಡಿಯುತ್ತಿದೆ. ಅವಳ ಬಳೆ ಒತ್ತುತ್ತಿದ್ದ ಜಾಗ ಮಾತ್ರ ಖಾಲಿ. ಸಂಕಟವಾಗುತ್ತಿದೆ ಎಂದು ಸುಳ್ಳು ಹೇಳಿದರೆ ಓಡಿ ಬರುತ್ತಾಳೆ. ಆದರೆ ಅವಳನ್ನು ಹೆದರಿಸಲಾರೆ.

ನಡುಮನೆಯ ದೀಪ ಇನ್ನೂ ಆರಿಲ್ಲ. ಏನೂ ಆಗಿಲ್ಲ ಕಣೇ, ಸುಮ್ನೆ ಬಾ ಎಂದು ಕರೆದೇ ಬಿಡುತ್ತೇನೆ.