ಅಳುವ ಗೊಂಬೆಗಳ ಕೋಣೆ

ತಾರೀಕು ಹದಿನಾಲ್ಕು, ಸೋಮವಾರ ಮಧ್ಯಾಹ್ನ

ಮಗಳೇ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ಎರಡೂ ಪತ್ರ ಕೈಸೇರಿ ಬಹಳ ದಿನವಾಯಿತು. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ, ನಿನಗೇ ಗೊತ್ತು. ಕೆಲಸ ಜಾಸ್ತಿ ಎಂದು ಬರೆಯೋಣವೆಂದಿದ್ದೆ. ಅದು ಸುಳ್ಳು. ಧೈರ್ಯ ಸಾಲಲಿಲ್ಲ.

ನರ್ಸಿಂಗ್ ತರಬೇತಿ ಮುಗಿಯುವ ತನಕ, ಅಂದರೆ ಇನ್ನೂ ಏಳು ತಿಂಗಳು, ರಜೆ ಇಲ್ಲ ಎಂದು ಬರೆದಿದ್ದೀಯ. ಆಗಲಿ. ಅಡುಗೆಮನೆಯ ನಲ್ಲಿ ರಿಪೇರಿಯಾಯಿತು. ನಿನ್ನ ಗುಬ್ಬಿಗೆ ಹೊಸ ಚಪ್ಪಲಿ ತೆಗೆದೆವು. ಐದು ವರ್ಷಕ್ಕೇ ಏನು ಪಾದ, ನಿನ್ನದೇ ಅಚ್ಚು.

ಕಳೆದ ತಿಂಗಳು ನಿನ್ನ ತಮ್ಮ ಅವಳನ್ನೂ ನನ್ನನ್ನೂ ಮಕ್ಕಳ ಮ್ಯೂಸಿಯಂಗೆ ಕರೆದುಕೊಂಡು ಹೋದ. ಆಡುತ್ತಾ ಕಲಿಯಿರಿ, ಆಡುತ್ತಾ ಕರುಣೆ ಬೆಳೆಸಿಕೊಳ್ಳಿ ಎಂದು ಬಾಗಿಲ ಮೇಲೆ ಬರೆದಿದ್ದರು. "ಆಡಿದ್ರೇ ಎಲ್ಲಾ ಬರೋ ಹಾಗಿದ್ರೆ ನಾನ್ಯಾಕೆ ಹೈಸ್ಕೂಲು ತನಕ ಬೆನ್ನು ಬಗ್ಗಿಸಿ ಓದಿದೆ?" ಎಂದೆ. "ಅಮ್ಮಾ, ಒಳಗೆ ಹೋದ ಮೇಲಾದ್ರೂ ಸುಮ್ನಿರು. ಅಲ್ಲಿ ದೊಡ್ಡೋರಿಗೂ ಮಾರ್ಕ್ಸ್ ಕೊಡ್ತಾರಂತೆ" ಎಂದ. ಅವನಿಗೆ ಯಾವಾಗಲೂ ತಮಾಷೆ.

ಅಲ್ಲಿ ಅಳುವ ಗೊಂಬೆಗಳದ್ದೇ ಒಂದು ಕೋಣೆ. ಗೊಂಬೆಯೊಳಗೆ ಏನೋ ಯಂತ್ರ. ಎತ್ತಿ ಎದೆಗೆ ಒತ್ತಿಕೊಂಡರೆ ಮಾತ್ರ ಅಳು ನಿಲ್ಲುತ್ತದೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಮಕ್ಕಳೇ ಕಂಡುಕೊಳ್ಳಬೇಕು. ಉಳಿದ ಮಕ್ಕಳು ಒಂದೊಂದನ್ನು ಎತ್ತಿಕೊಂಡು ತಟ್ಟತೊಡಗಿದವು. ನಮ್ಮ ಗುಬ್ಬಿ ತನ್ನ ಗೊಂಬೆಯನ್ನು ಒಯ್ದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಸೊಂಟಕ್ಕೆ ಕೈಯಿಟ್ಟು, "ಅಳು ನಿಲ್ಸು. ನಿಲ್ಸಿದ ಮೇಲೇ ನಿಮ್ಮಮ್ಮ ಬರೋದು" ಎಂದಳು. ದನಿ ನನ್ನದು.

ಗೊಂಬೆ ಅಳುತ್ತಲೇ ಇತ್ತು. ಅವಳು ಬಹಳ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಇದು ನಿಲ್ಲಿಸ್ತಾನೇ ಇಲ್ಲ. ಪಾಪ, ಇದರಮ್ಮ ಬರೋದೇ ಇಲ್ಲ" ಎಂದಳು.

ಹಳದಿ ಏಪ್ರನ್ ಹಾಕಿದ್ದ ಅಲ್ಲಿನ ಕೆಲಸದ ಹುಡುಗಿ ಮಂಡಿಯೂರಿ ಕೇಳಿದಳು: "ಯಾರು ಹೇಳಿಕೊಟ್ಟಿದ್ದು ಪುಟ್ಟಾ ಹೀಗೆ?"

"ನಮ್ಮಜ್ಜಿ. ನಾನು ಯಾವಾಗ್ಲೋ ನಿಲ್ಸಿದೀನಿ ಅಕ್ಕ. ಅಮ್ಮ ಇನ್ನೂ ದಾರೀಲಿದಾರೆ."

ನೀನು ಹೊರಟ ವಾರವೆಲ್ಲ ಅವಳು ಬಾಗಿಲು ಹಿಡಿದು ಅತ್ತಳು. ಅಳು ನಿಲ್ಲಿಸಿದ ಮೇಲೇ ಅಮ್ಮ ಬರುವುದು ಎಂದು ಹೇಳಿದವಳು ನಾನೇ. ಗೋಡೆಗೆ ನಿಲ್ಲಿಸಿದವಳೂ ನಾನೇ. ಎಂಟನೇ ದಿನ ಅಳು ನಿಂತಾಗ, "ನಿನ್ನ ಮಗಳು ಈಗ ಅಳುವುದಿಲ್ಲ, ನಮ್ಮ ಮನೆಯ ಹುಡುಗಿ" ಎಂದು ನಿನಗೆ ಹೆಮ್ಮೆಯಿಂದ ಬರೆದೆ. ಆ ಸಾಲು ಹೊಡೆದುಹಾಕು.

ಅವತ್ತು ಮ್ಯೂಸಿಯಂನಿಂದ ಮನೆಗೆ ಬಂದು ಅವಳನ್ನು ಹತ್ತಿರ ಕೂರಿಸಿಕೊಂಡು, "ಅಳು ಬಂದ್ರೆ ಅಳಮ್ಮ, ನಾನು ಬೈಯಲ್ಲ" ಎಂದೆ. ಅವಳು ನಕ್ಕಳು. "ನಂಗೊತ್ತು ಅಜ್ಜಿ, ನೀನು ಪರೀಕ್ಷೆ ಮಾಡ್ತಿದೀಯ. ನಾನು ಅಳಲ್ಲಪ್ಪ" ಎಂದಳು. ದಿನಾ ಹೇಳುತ್ತಿದ್ದೇನೆ. ನಿನ್ನೆ ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ತುಟಿ ಕಚ್ಚಿಕೊಂಡು ತಾನಾಗಿಯೇ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ನನ್ನ ಮಾತಿಗೆ ಎರಡಿಲ್ಲ ಎಂದು ಈ ಮನೆಯಲ್ಲಿ ಎಷ್ಟು ಬೀಗಿದ್ದೆ! ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನ್ನಿಂದಲೇ ಆಗುತ್ತಿಲ್ಲ. ಏನು ಮಾಡಲಿ, ನೀನೇ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಕಲಿತ ವಿದ್ಯೆ ಕೈಹಿಡಿಯಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಆ ಏಪ್ರನ್ ಹುಡುಗಿ ಗುಬ್ಬಿಯ ಗೊಂಬೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ನೀವು ತೋರಿಸ್ಕೊಡಿ ಅಜ್ಜಿ" ಎಂದಳು. ಒದ್ದೆ ಬಟ್ಟೆ ಹಿಡಿದಂತೆ ದೂರ ಹಿಡಿದುಕೊಂಡು ನಿಂತೆ. ಅದು ಅಳುತ್ತಲೇ ಇತ್ತು. ಅವತ್ತಿನಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ. ನೀನು ಅತ್ತಾಗ ಒಂದು ಸಲವಾದರೂ ನಾನು ಎತ್ತಿಕೊಂಡಿದ್ದು ನಿನಗೆ ನೆನಪಿದ್ದರೆ ಬರಿ, ಗುಬ್ಬಿಗೆ ಓದಿ ಹೇಳುತ್ತೇನೆ. ಇಲ್ಲದಿದ್ದರೆ ಆ ವಿಷಯ ಬಿಟ್ಟು ಬೇರೆಯದು ಬರಿ.