ಬಿಸಿಲು ಚುಕ್ಕೆ ರೋಗವಲ್ಲ

ಚಾವಣಿ ವರ್ಷ ೮೧, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ
ಗದಗ, ಕೆಳಪೇಟೆ

ಬಯಲಲ್ಲಿ ಬದುಕಿದ ಹಿರಿಯರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಮ್ಮ ಕಾಲದಲ್ಲಿ ಬಿಸಿಲು ತಾಳಲಾರದೆ ಊರಿಗೆಲ್ಲ ಬಟ್ಟೆಯ ಚಾವಣಿ ಹೊದಿಸಿದ್ದೇವೆ. ಅದು ಹರಿದಲ್ಲಿ ಮೇಲೇರಿ ಹೊಲಿಯುವವರನ್ನು ಮೇಲಾಳುಗಳು ಎನ್ನುತ್ತೇವೆ. ನನ್ನ ಅಕ್ಕ ಬಸಲಿಂಗವ್ವ ಆರು ವರ್ಷ ಮೇಲಾಳಾಗಿದ್ದಳು. ಅವಳ ಮೂಗು, ಕೆನ್ನೆಗಳ ಮೇಲೆ ನವಣೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿವೆ. ಮೊಣಕಾಲು ಸೋತ ಮೇಲೆ ಊರಿನ ರೊಟ್ಟಿಮನೆಯಲ್ಲಿ ಕೆಲಸ ಕೇಳಿದಳು. ಚುಕ್ಕೆ ಹಿಟ್ಟಿನಿಂದ ಊರಿಗೆಲ್ಲ ಅಂಟೀತು ಎಂದು ಪಂಚರು ಬಾಗಿಲಲ್ಲೇ ತಡೆದರು.

ನಾನು ಶಾಲೆಗಿಂತ ಹೆಚ್ಚು ಕರಪತ್ರಗಳಿಂದ ಕಲಿತವಳು. ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಬಿಸಿಲು ತಾಕಿದಾಗ ಅವು ಚರ್ಮವನ್ನು ಕಾಯಲು ಹೆಚ್ಚು ಬಣ್ಣ ಮಾಡುತ್ತವೆ. ಕೆಲವರಲ್ಲಿ ಅದು ಸಮನಾಗಿ ಹರಡದೆ ಅಲ್ಲಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಅಷ್ಟೆ. ಆ ಗುಣ ಹೆತ್ತವರಿಂದ ಬರುತ್ತದೆ. ಅವ್ವನಿಗೂ ಚುಕ್ಕೆಗಳಿದ್ದವು. ಇಬ್ಬರೊಡನೆಯೂ ಒಂದೇ ತಟ್ಟೆಯಲ್ಲಿ ಉಂಡ ನನಗೆ ಒಂದೂ ಇಲ್ಲ.

ಇದನ್ನು ಸಾಧಿಸಿ ತೋರಿಸಲು ಅಕ್ಕನನ್ನು ಮೂರು ತಿಂಗಳು ನೆರಳಲ್ಲೇ ಇರಿಸಿದೆ. ಚುಕ್ಕೆಗಳು ಮಾಸಿದವು. ಗೆದ್ದೆನೆಂದುಕೊಂಡು ಪಂಚರ ಮುಂದೆ ಕರೆದೊಯ್ದೆ. ಹಿರಿಯರಾದ ಈರಪ್ಪಜ್ಜ ಕನ್ನಡಕ ಏರಿಸಿ ನೋಡಿದರು. "ಆರಾಮ ಆತಲ್ಲವಾ ತಂಗಿ. ಅಂದ್ರ ರೋಗ ಇತ್ತು ಅಂದಂಗಾತು," ಎಂದು 'ಗುಣವಾಗಿದೆ' ಎಂಬ ಚೀಟಿ ಬರೆದುಕೊಟ್ಟರು. ಆ ಚೀಟಿಯಿಂದ ಅಕ್ಕನಿಗೆ ಕೆಲಸ ಸಿಗುತ್ತಿತ್ತು. ಆದರೆ ಅದನ್ನು ಒಪ್ಪಿದರೆ ಚುಕ್ಕೆಯಿರುವ ಉಳಿದ ಮೇಲಾಳುಗಳೆಲ್ಲ ರೋಗಿಗಳೆನಿಸುತ್ತಿದ್ದರು.

ಅಕ್ಕ ಚೀಟಿ ಮಡಚಿ ಅಲ್ಲೇ ಇಟ್ಟಳು. "ಅಜ್ಜಾ, ಇದನ್ನ ಜಡ್ಡಾದವ್ರಿಗೆ ಕೊಡ್ರಿ. ನಂಗೇನೂ ಆಗಿದ್ದಿಲ್ಲ."

ದಾರಿಯಲ್ಲಿ ನನಗೂ ಬೈಗುಳ ಬಿತ್ತು. "ಮೂರು ತಿಂಗಳು ಮೂಲ್ಯಾಗ ಕುಂಡ್ರಿಸಿದಿ. ಹಿಂಗಾಗ್ತದಂತ ನಿನ್ನ ಕರಪತ್ರದಾಗ ಬರ್ದಿದ್ದಿಲ್ಲೇನ?"

ಬರೆದಿರಲಿಲ್ಲ.

ಈಗ ಅವಳು ದಿನಾ ಮುಂಜಾನೆ ಚಾವಣಿಯ ಮೇಲೆ ಕೂರುತ್ತಾಳೆ. ಚುಕ್ಕೆಗಳು ಮರಳಿವೆ. ನಾಳೆ ಅವುಗಳೊಂದಿಗೇ ಕೆಲಸ ಕೇಳಲಿದ್ದಾಳೆ. ನಲವತ್ತು ಮೇಲಾಳುಗಳು ಜೊತೆಗೆ ಬರುತ್ತಾರೆ. ಅವರು ಸೂಜಿ ಕೆಳಗಿಟ್ಟರೆ ಪಂಚರ ತಲೆಗೂ ನೆರಳಿರುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಕಾಲದ ಒಂದು ಕ್ರೀಮಿನ ಡಬ್ಬಿಯನ್ನು ಪಂಚರು ಸಾಕ್ಷಿಯೆಂದು ಕಾದಿಟ್ಟಿದ್ದಾರೆ. ಅದರ ಮೇಲೆ ಇಂಥ ಚುಕ್ಕೆಗಳನ್ನು 'ಕಲೆ' ಎಂದು ಕರೆದು, ಗುಣಪಡಿಸುವುದಾಗಿ ಬರೆದಿದೆ. ಆ ಮಾತನ್ನು ಈಗಲೇ ಅಳಿಸಿ. ನೀವು ಅಳಿಸಿದರೆ ನಾಳೆ ನನ್ನ ಅಕ್ಕನನ್ನು ಯಾರೂ ತಡೆಯುವುದಿಲ್ಲ. ಅಳಿಸದಿದ್ದರೂ ನಾವು ಹೋಗುತ್ತೇವೆ.

ನಿಮ್ಮ ಮರಿಮಕ್ಕಳ ಮರಿಮಗಳು,
ನೀಲಗಂಗಾ