ಖಾಲಿ ಪೈಪು ಬೇಡವೆಂದೆ

ಪಪ್ಪಾ,

ನಿಮ್ಮ ಹಳೆಯ ಕಾರು ಬಿಜೈಯ ಏರಿನಲ್ಲಿ ಎಳೆಯದೆ ನಿಂತುಬಿಟ್ಟಿತು. ಹೊಗೆಯ ವಿಷ ತಡೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿ, ಹೊಗೆ ಹೋಗುವ ದಾರಿಯೇ ಕಟ್ಟಿಕೊಂಡಿದೆ ಎಂದರು ಮೆಕ್ಯಾನಿಕ್ ಹಿತೇಶ್.

“ಹೊಸತು ಎಂತಕ್ಕೆ ಅಕ್ಕ? ಅದನ್ನು ಕಿತ್ತು ಖಾಲಿ ಪೈಪ್ ಹಾಕುವ. ಗಾಡಿ ಓಡ್ತದೆ, ಯಾರಿಗೂ ಗೊತ್ತಾಗುದಿಲ್ಲ.”

“ಹಿಂದೆ ಬರುವವರಿಗೂ ಉಸಿರಾಡ್ಲಿಕ್ಕೆ ಉಂಟಲ್ಲ? ಹೊಸತೇ ಹಾಕಿ,” ಎಂದೆ.

ನಿಮ್ಮ ಕೊನೆಯ ತಿಂಗಳುಗಳಲ್ಲಿ ಆಕ್ಸಿಜನ್ ಸಿಲಿಂಡರಿನ ಪಕ್ಕ ಕುಳಿತವಳು ನಾನು. ಬೇರೇನು ಹೇಳಲಿ?

ಅವರು ಹೊಸತನ್ನೇ ಕೂರಿಸಿದರು. ಸಂಜೆ ಅಮ್ಮನನ್ನು ಉಳ್ಳಾಲಕ್ಕೆ ನಾನೇ ಕರೆದುಕೊಂಡು ಹೋದೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತೆ ಪಪ್ಪಾ, ನೀವು ಹೋದ ಮೇಲೆ.

ಸೇತುವೆಯ ಮೇಲೆ ಅಮ್ಮ ಕೇಳಿದರು, “ಕಲಿಸ್ತೇನೆ ಬಾ ಅಂತ ಪಪ್ಪ ಎಷ್ಟು ಕರೀತಿದ್ರು, ಅಲ್ವಾ?”

ನಾನು ರಸ್ತೆಯಿಂದ ಕಣ್ಣು ತೆಗೆಯದೆ ಗೇರು ಬದಲಿಸಿದೆ.

ಪ್ರಾಪ್ತಿ